ಅಲೆಯ ಮೇಲೆ ಸುಮ್ಮನಾಗುವ ಹಾಯಿ: ವಿಂಡ್‌ಸರ್ಫಿಂಗ್‌ನಲ್ಲಿ ಹಾಯಿಯ ಆಯ್ಕೆ ಮತ್ತು ಗಾಳಿಯ ಕೋನ

ವಿಂಡ್‌ಸರ್ಫಿಂಗ್ ಹಾಯಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಅಂಕಿ ಇರುತ್ತದೆ: 4.2, 4.7, 5.3. ಅದು ಚದರ ಮೀಟರಿನಲ್ಲಿ ಹಾಯಿಯ ವಿಸ್ತೀರ್ಣ. ಒಂದು ಬದಿಗೆ ಸವಾರನ ತೂಕ, ಇನ್ನೊಂದು ಬದಿಗೆ ಗಾಳಿಯ ವೇಗ ಬರೆದ ಕೋಷ್ಟಕದ ಮೇಲೆ ಬೆರಳಾಡಿಸಿದರೆ ಬೇಕಾದ ಅಂಕಿ ಸಿಕ್ಕಿಬಿಡುತ್ತದೆ. ಕೆರೆಯಲ್ಲೋ ಅಲೆಯಿಲ್ಲದ ಕೊಲ್ಲಿಯಲ್ಲೋ ಈ ಕೋಷ್ಟಕವನ್ನು ನಂಬಬಹುದು. ಅಲೆ ಒಡೆಯುವ ತೀರದಲ್ಲಿ ಅದು ಕೈಕೊಡುತ್ತದೆ. ಹೀಗೇಕೆ ಎಂಬುದೇ ಈ ಲೇಖನದ ಪ್ರಶ್ನೆ. ಅಲೆಯಲ್ಲಿ ಹಾಯಿಯ ಆಯ್ಕೆಯನ್ನು ನಿರ್ಧರಿಸಬೇಕಾದ್ದು ಗಾಳಿ ದಡಕ್ಕೆ ಯಾವ ಕೋನದಲ್ಲಿ ಬೀಸುತ್ತದೆ ಎಂಬುದು. ವೇಗದ ಲೆಕ್ಕ ಆಮೇಲಿನದು. ಹಾಯಿಯ ಗುಣವನ್ನು ಅಳೆಯಬೇಕಾದ್ದೂ ಅದು ಎಷ್ಟು ಎಳೆಯುತ್ತದೆ ಎಂಬುದರಿಂದಲ್ಲ, ಬೇಡವೆಂದಾಗ ಎಷ್ಟು ಬೇಗ ಸುಮ್ಮನಾಗುತ್ತದೆ ಎಂಬುದರಿಂದ. ನನ್ನ ವಾದ ಇಷ್ಟೇ.

ಮೊದಲು ಪದಗಳ ಬಗ್ಗೆ ಒಂದು ಮಾತು. ಹಾಯಿ, ಅದನ್ನು ಹೊರುವ ಕೂವೆ, ಇವೆರಡೂ ಕನ್ನಡದಲ್ಲಿವೆ. ಹಾಯಿಯ ಮುಂದಿನ ಅಂಚು ಲಫ್, ಹಿಂದಿನ ಅಂಚು ಲೀಚ್, ಸವಾರ ಕೈಯಿಟ್ಟು ಹಿಡಿಯುವ ಅಡ್ಡಗೊಳವೆ ಬೂಮ್, ಹಾಯಿಗೆ ಆಕಾರ ಕೊಡುವ ಅಡ್ಡಪಟ್ಟಿ ಬ್ಯಾಟನ್, ಹಾಯಿಯನ್ನು ಕೂವೆಯ ಬುಡಕ್ಕೆ ಜಗ್ಗುವ ಹಗ್ಗ ಡೌನ್‌ಹಾಲ್, ಬೂಮಿನ ತುದಿಗೆ ಎಳೆಯುವ ಹಗ್ಗ ಔಟ್‌ಹಾಲ್. ಇವನ್ನು ಸವಾರರ ಬಾಯಲ್ಲಿ ಇದ್ದಂತೆಯೇ ಇಟ್ಟುಕೊಂಡಿದ್ದೇನೆ. ಯಾರೂ ಆಡದ ಸಂಸ್ಕೃತ ಪದಗಳನ್ನು ಕಟ್ಟುವ ಚಪಲ ನನಗಿಲ್ಲ. ಹಾಯಿ ಎಂಬ ಪದದ ಬಳಗ ಮಾತ್ರ ಸ್ವಾರಸ್ಯದ್ದು. ತಮಿಳಿನಲ್ಲಿ ಅದರ ಒಡಹುಟ್ಟು ‘ಪಾಯ್’ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಹೆಣೆದ ಚಾಪೆಯೇ ಗಾಳಿ ಹಿಡಿಯುತ್ತಿದ್ದ ಕಾಲವೊಂದು ಆ ಪದದೊಳಗೆ ಮಡಚಿಕೊಂಡು ಕೂತಿದೆ.

ಲೆಕ್ಕ ಒಂದು, ರೂಢಿ ಇನ್ನೊಂದು

ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.18 ಕಿಲೋ, ಬಲದ ಗುಣಾಂಕ 1 ಎಂದಿಟ್ಟುಕೊಂಡರೆ, 4.7ರ ಹಾಯಿ 20 ನಾಟ್ ಗಾಳಿಯಲ್ಲಿ ಸುಮಾರು 30 ಕಿಲೋ ಭಾರದಷ್ಟು ಎಳೆಯುತ್ತದೆ. 25 ನಾಟ್‌ನಲ್ಲಿ ಅದೇ ಹಾಯಿಯ ಎಳೆತ 47 ಕಿಲೋ, 30 ನಾಟ್‌ನಲ್ಲಿ 67 ಕಿಲೋ. (ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್.) ಎಳೆತವನ್ನು ಒಂದೇ ಮಟ್ಟದಲ್ಲಿ ಇಡಬೇಕೆಂದರೆ, 20 ನಾಟ್‌ಗೆ 5.3 ಕಟ್ಟುವವನು 30 ನಾಟ್‌ಗೆ 2.4 ಕಟ್ಟಬೇಕು. ಹಾಗೆ ಯಾರೂ ಕಟ್ಟುವುದಿಲ್ಲ. ಸುಮಾರು 75 ಕಿಲೋ ತೂಗುವ ಸವಾರ ಆ ಗಾಳಿಯಲ್ಲಿ 4 ಚದರ ಮೀಟರಿನ ಆಸುಪಾಸಿನ ಹಾಯಿಯನ್ನೇ ಹಿಡಿದು ನೀರಿಗಿಳಿಯುತ್ತಾನೆ.

ಲೆಕ್ಕಕ್ಕೂ ರೂಢಿಗೂ ಇಷ್ಟು ದೊಡ್ಡ ಅಂತರ ಬಿದ್ದಿರುವುದಕ್ಕೆ ಒಂದು ಕಾರಣ ಹಾಯಿಯ ಮೇಲ್ಭಾಗ. ಡೌನ್‌ಹಾಲ್ ಬಿಗಿದಾಗ ಕೂವೆ ಬಾಗಿ ಮೇಲಿನ ಲೀಚ್ ಸಡಿಲಾಗುತ್ತದೆ. ಗಾಳಿಯ ಹೊಡೆತ ಬಂದಾಗ ಆ ಭಾಗ ತಿರುಚಿಕೊಂಡು ಗಾಳಿಯನ್ನು ಸೋರಬಿಡುತ್ತದೆ. ಅಂದರೆ ಬಿರುಗಾಳಿಯಲ್ಲಿ 4.2ರ ಹಾಯಿ ಪೂರ್ತಿ 4.2 ಆಗಿ ದುಡಿಯುವುದೇ ಇಲ್ಲ. ಎರಡನೆಯ ಕಾರಣ ಸವಾರನ ಮೈ. ಸೊಂಟದ ಹಾರ್ನೆಸ್ ಕೊಕ್ಕೆಗೆ ಜೋತುಬಿದ್ದು ಮೈಯನ್ನು ಹೊರಚಾಚಿದಷ್ಟೂ ಅವನು ಹೆಚ್ಚು ಎಳೆತ ತಾಳಬಲ್ಲ. ಇವೆರಡೂ ಸಮತಟ್ಟು ನೀರಿನಲ್ಲೂ ನಿಜ. ಮೂರನೆಯ ಕಾರಣ ಅಲೆಗೇ ಸೇರಿದ್ದು. ಆಳೆತ್ತರದ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಗಾಳಿ ತೆಳುವಾಗಿರುತ್ತದೆ, ದಡದ ಗಾಳಿಮಾಪಕ ತೋರಿಸುವ ವೇಗ ಅಲ್ಲಿ ಇರುವುದಿಲ್ಲ. ಒಡೆದ ಅಲೆಯ ನೊರೆಯಲ್ಲಿ ಹಲಗೆಯ ಅಡಿಯ ಫಿನ್‌ಗೂ ಹಿಡಿತ ಸಿಗದು. ಅಲ್ಲಿಂದ ಪಾರಾಗುವಷ್ಟು ಬಲ ಉಳಿದಿರಲಿ ಎಂದೇ ಸವಾರರು ಲೆಕ್ಕಕ್ಕಿಂತ ದೊಡ್ಡ ಹಾಯಿ ಕಟ್ಟುವುದು.

ಕೋಷ್ಟಕಗಳು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ತಾಪಮಾನ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಂದ್ರತೆ ಸುಮಾರು 1.17, 5 ಡಿಗ್ರಿಯಲ್ಲಿ 1.27. ವ್ಯತ್ಯಾಸ ಶೇ. 8ರಷ್ಟು. ಹವಾಯಿಯಲ್ಲಿ 5.0 ಮಾಡುವ ಕೆಲಸವನ್ನು ಡೆನ್ಮಾರ್ಕಿನ ಕ್ಲಿಟ್ಮುಲರ್‌ನ ಚಳಿಗಾಳಿಯಲ್ಲಿ 4.6 ಮಾಡಿಬಿಡುತ್ತದೆ. ಉತ್ತರ ಸಮುದ್ರದ ಆ ಹಳ್ಳಿಯನ್ನು ಸವಾರರು ‘ತಣ್ಣನೆಯ ಹವಾಯಿ’ ಎಂದು ಕರೆಯುತ್ತಾರೆ. ತಣ್ಣಗಿರುವುದು ಹಾಯಿಯ ಅಂಕಿಯನ್ನೂ ಮುಟ್ಟುತ್ತದೆ.

ಒಂದೇ ಗಾಳಿ, ಎರಡು ತೀರ

ಅಲೆಯ ಸವಾರಿಗೆ ಹೆಸರಾದ ಮೂರು ತೀರಗಳನ್ನು ಇಟ್ಟುಕೊಂಡು ಮುಂದೆ ಹೋಗೋಣ. ಹವಾಯಿಯ ಮಾವಿ ದ್ವೀಪದ ಹೋಕಿಪಾದಲ್ಲಿ ವಾಣಿಜ್ಯ ಮಾರುತ ಸಮುದ್ರಕ್ಕೆ ಮುಖಮಾಡಿ ನಿಂತವನ ಬಲಗಡೆಯಿಂದ, ಕೊಂಚ ದಡದತ್ತ ವಾಲಿ ಬರುತ್ತದೆ. 3,055 ಮೀಟರ್ ಎತ್ತರದ ಹಲೆಯಾಕಲಾ ಪರ್ವತ ಒಂದು ಪಕ್ಕ, ಪಶ್ಚಿಮ ಮಾವಿಯ ಬೆಟ್ಟಗಳು ಇನ್ನೊಂದು ಪಕ್ಕ. ನಡುವಿನ ತಗ್ಗಿನತ್ತ ನುಗ್ಗುವ ಗಾಳಿ ಅಲ್ಲಿ ಬಿರುಸಾಗುತ್ತದೆ. ಗ್ರಾನ್ ಕನೇರಿಯಾ ದ್ವೀಪದ ಪೋಸೊ ಇಸ್ಕಿಯೆರ್ದೊದಲ್ಲಿ ಗಾಳಿ ಎಡದಿಂದ. ಬೇಸಿಗೆಯಲ್ಲಿ ಅದು 30 ನಾಟ್ ದಾಟುವುದು ಅಪರೂಪವೇನಲ್ಲ, ಮೂರೂವರೆ ಚದರ ಮೀಟರಿನ ಹಾಯಿಗಳು ಅಲ್ಲಿ ದಿನನಿತ್ಯದ ಸಾಮಾನು. ಕೇಪ್ ವರ್ಡ್‌ನ ಸಾಲ್ ದ್ವೀಪದ ಪೊಂಟಾ ಪ್ರೆಟಾದಲ್ಲಿ ಗಾಳಿ ನೆಲದ ಕಡೆಯಿಂದ ಓರೆಯಾಗಿ ಸಮುದ್ರಕ್ಕೆ ಹೊರಡುತ್ತದೆ.

ಈಗ 2 ಮೀಟರ್ ಎತ್ತರದ ಒಂದು ಅಲೆ. ಅಲೆಯ ಎತ್ತರ ನೀರಿನ ಆಳದ 0.78 ಪಾಲು ಮುಟ್ಟಿದಾಗ ಅದು ಒಡೆಯುತ್ತದೆ ಎಂಬುದು ಕರಾವಳಿ ಎಂಜಿನಿಯರುಗಳು ಸಾಮಾನ್ಯವಾಗಿ ಬಳಸುವ ಅಂದಾಜು. ಇಲ್ಲಿ ಸುಮಾರು ಎರಡೂವರೆ ಮೀಟರ್ ಆಳದಲ್ಲಿ. ಆಳ ಕಡಿಮೆಯಿರುವ ನೀರಿನಲ್ಲಿ ಅಲೆಯ ವೇಗ ಗುರುತ್ವ ಮತ್ತು ಆಳದ ಗುಣಲಬ್ಧದ ವರ್ಗಮೂಲ. ಹಾಕಿ ನೋಡಿದರೆ ಸೆಕೆಂಡಿಗೆ 5 ಮೀಟರ್, ಅಂದರೆ ಸುಮಾರು 10 ನಾಟ್ ಬರುತ್ತದೆ. ಅಲೆ ಹಿಡಿದ ಸವಾರ ಈ ವೇಗದಲ್ಲಿ ದಡದತ್ತ ಸಾಗುತ್ತಿರುತ್ತಾನೆ, ಅವನಿಗೆ ಇಷ್ಟವಿರಲಿ ಇಲ್ಲದಿರಲಿ.

ಗಾಳಿ 20 ನಾಟ್, ದಡದ ಕಡೆಗೆ 45 ಡಿಗ್ರಿ ಓರೆ ಎನ್ನೋಣ. ದಡದತ್ತ ಅದರ ಪಾಲು 14.1 ನಾಟ್, ದಡದ ಉದ್ದಕ್ಕೂ 14.1. ಸವಾರ ದಡದತ್ತ 10 ನಾಟ್‌ನಲ್ಲಿ ಓಡುತ್ತಿರುವುದರಿಂದ ಮೊದಲ ಪಾಲಿನಲ್ಲಿ ಅವನಿಗೆ ಉಳಿಯುವುದು 4.1. ಎರಡನ್ನೂ ಕೂಡಿಸಿದರೆ ಹಾಯಿಗೆ ತಾಗುವ ಗಾಳಿ 14.7 ನಾಟ್. ಅದೇ 20 ನಾಟ್ ಗಾಳಿ ನೆಲದಿಂದ ಸಮುದ್ರಕ್ಕೆ 45 ಡಿಗ್ರಿ ಓರೆಯಾಗಿ ಬೀಸಲಿ. ಈಗ ಸವಾರನ ಓಟ ಗಾಳಿಗೆ ಎದುರು. 14.1ಕ್ಕೆ 10 ಸೇರಿ 24.1 ಆಗುತ್ತದೆ, ಹಾಯಿಗೆ ತಾಗುವ ಗಾಳಿ 28 ನಾಟ್‌ಗೆ ಏರುತ್ತದೆ. ಬಲ ವೇಗದ ವರ್ಗವಾದ್ದರಿಂದ ಎರಡನೆಯ ಸವಾರನ ಹಾಯಿ ಮೊದಲನೆಯವನದ್ದರ 3.6 ಪಟ್ಟು ಎಳೆಯುತ್ತದೆ. ಹಾಯಿ ಅದೇ, ಗಾಳಿಮಾಪಕದ ಅಂಕಿಯೂ ಅದೇ. ಸವಾರ ಅಲೆಯ ಉದ್ದಕ್ಕೆ ಓಡುವ ವೇಗವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅವನು ಗಾಳಿ ಹೋಗುವ ಕಡೆಗೇ ಓಡಿದರೆ, ಅಲೆಯ ಸವಾರಿಯಲ್ಲಿ ಬಹುಪಾಲು ಆಗುವುದು ಅದೇ, ಅಂತರ ಇನ್ನೂ ಹಿಗ್ಗುತ್ತದೆ.

ಇದರ ಮೇಲೆ ಅಲೆಯ ಮರೆಯೂ ಸೇರಿಕೊಳ್ಳುತ್ತದೆ. ಗಾಳಿ ಸಮುದ್ರದಿಂದ ಬರುವಾಗ ಸವಾರ ಅಲೆಯ ದಡದ ಬದಿಯಲ್ಲಿ, ಅದರ ಮರೆಯಲ್ಲೇ ಇರುತ್ತಾನೆ. ಬೆನ್ನ ಹಿಂದೆ ಎದ್ದ ನೀರಿನ ಗೋಡೆ ಗಾಳಿಗೆ ಅಡ್ಡ. ಗಾಳಿ ನೆಲದಿಂದ ಬರುವಾಗ ಅದು ಅಲೆಯ ಮುಖಕ್ಕೆ ಬಡಿದು ಮೇಲಕ್ಕೇರಿ ಹಾಯಿಯನ್ನೂ ಹಲಗೆಯನ್ನೂ ಎತ್ತಲು ನೋಡುತ್ತದೆ. ಹೀಗೆ ಒಂದು ತೀರದಲ್ಲಿ ಕೊರತೆಯ ಮೇಲೆ ಕೊರತೆ, ಇನ್ನೊಂದರಲ್ಲಿ ಮಿಗಿಲಿನ ಮೇಲೆ ಮಿಗಿಲು. ದಡದತ್ತ ಬೀಸುವ ಗಾಳಿಯಲ್ಲಿ ಅರ್ಧ ಚದರ ಮೀಟರ್ ದೊಡ್ಡ ಹಾಯಿ ಕಟ್ಟಬೇಕೆಂಬ ಸವಾರರ ರೂಢಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಆದರೆ ಪೊಂಟಾ ಪ್ರೆಟಾದಂಥ ತೀರದಲ್ಲಿ ಒಂದು ತೊಡಕಿದೆ. ನೆಲದಿಂದ ಬರುವ ಗಾಳಿ ದಡದ ಹತ್ತಿರ ನೆಲದ ಮರೆಯಲ್ಲೇ ಇದ್ದು, ಒಮ್ಮೆ ಸತ್ತು ಒಮ್ಮೆ ಎದ್ದು ಬರುತ್ತದೆ. ಅಲೆಯ ಮೇಲೆ ಚಿಕ್ಕ ಹಾಯಿ ಸಾಕು, ದಡ ಬಿಟ್ಟು ಹೊರಡಲು ದೊಡ್ಡದು ಬೇಕು. ಎರಡೂ ಒಂದೇ ಸವಾರಿಯಲ್ಲಿ, ಐದು ನಿಮಿಷದ ಅಂತರದಲ್ಲಿ. ವಿಸ್ತೀರ್ಣದ ಅಂಕಿಯಿಂದ ಈ ತೊಡಕು ಬಿಡಿಸಲಾಗದು. ಹಾಯಿಯ ಆಕಾರದಿಂದ ಬಿಡಿಸಬೇಕು.

ಆಕಾರದ ಮಾತು

ಆಕಾರ ಎಷ್ಟು ಮುಖ್ಯ ಎಂಬುದಕ್ಕೆ ಹಳೆಯ ಹಾಯಿಯೇ ಸಾಕ್ಷಿ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಎಲ್ಲ ದಿಕ್ಕಿಗೂ ವಾಲುವ ಕೂವೆಯ ಹಲಗೆಯನ್ನು ಪರೀಕ್ಷಿಸಿದರು. 1970ರ ಜನವರಿಯಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆ ಹಲಗೆಯ ಹಾಯಿ 56 ಚದರ ಅಡಿ, ಅಂದರೆ 5.2 ಚದರ ಮೀಟರ್. ಇವತ್ತು ಅಂಗಡಿಯಲ್ಲಿ ಸಿಗುವ ಅಲೆಯ ಹಾಯಿಯ ಮೇಲೂ 5.2 ಎಂದೇ ಬರೆದಿರಬಹುದು. ಅಂಕಿ ಒಂದೇ, ವಸ್ತು ಬೇರೆ. ಹಳೆಯದು ಡೇಕ್ರಾನ್ ಬಟ್ಟೆಯ ತ್ರಿಕೋನ. ಬೂಮ್ ಎರಡು ಮೀಟರಿಗೂ ಮಿಕ್ಕಿ ಉದ್ದ. ಗಾಳಿ ಏರಿದಂತೆ ಬಟ್ಟೆಯ ಹೊಟ್ಟೆ ಹಿಂದಕ್ಕೆ ಜಾರುತ್ತಿತ್ತು, ಅದರ ಜೊತೆ ಎಳೆತದ ಕೇಂದ್ರವೂ ಹಿಂಗೈಯ, ಎಂದರೆ ಬೂಮಿನ ಹಿಂಭಾಗ ಹಿಡಿದ ಕೈಯ, ಕಡೆಗೆ ಸರಿಯುತ್ತಿತ್ತು. ಬಿರುಗಾಳಿಯಲ್ಲಿ ಹಿಂಗೈ ಬಿಟ್ಟರೆ ಹಾಯಿ ಹೋಯಿತು, ಹಿಡಿದರೆ ಸವಾರ ಹೋದ. 1970ರ ದಶಕದ ಕೊನೆಗೆ ಹವಾಯಿಯ ಒವಾಹು ದ್ವೀಪದ ಕೈಲುವಾದ ಸವಾರರು ಹಲಗೆಗೆ ಕಾಲ್ಪಟ್ಟಿ ಹಾಕಿಕೊಂಡು ಅಲೆಯ ಮೇಲಿಂದ ಜಿಗಿಯತೊಡಗಿದ ಮೇಲೆ ಈ ದೋಷವನ್ನು ಸಹಿಸಿಕೊಳ್ಳುವುದು ಕಷ್ಟವಾಯಿತು.

ಪರಿಹಾರ ಬಂದದ್ದು ಲೀಚಿನಿಂದ ಕೂವೆಯವರೆಗೆ ಪೂರ್ತಿ ಚಾಚಿದ ಬ್ಯಾಟನ್‌ಗಳಿಂದ. ಅವು ಹಾಯಿಯ ಹೊಟ್ಟೆಯನ್ನು ಮುಂದೆಯೇ ಕಟ್ಟಿಹಾಕಿದವು. ಅಲೆಯ ಹಾಯಿಯ ಇಂದಿನ ಚರ್ಚೆಯೆಲ್ಲ ಅವು ಎಷ್ಟಿರಬೇಕು ಎಂಬುದರ ಸುತ್ತ. ಐದಿದ್ದರೆ ಹಾಯಿ ಗಟ್ಟಿ. ಗಾಳಿ ಏರಿಳಿದರೂ ಆಕಾರ ಬಿಡುವುದಿಲ್ಲ. ಮೂರಿದ್ದರೆ ಹಗುರ, ಕೈಗೆ ಮೆದು, ಆದರೆ ಗಾಳಿ ಹೆಚ್ಚಾದಾಗ ಪಟಪಟ ಬಡಿಯುತ್ತದೆ. ಒಂದೇ ತಯಾರಕ ಬೇರೆ ಬೇರೆ ಸಂಖ್ಯೆಯ ಬ್ಯಾಟನ್‌ಗಳ ಹಾಯಿಗಳನ್ನು ಮಾರುವುದುಂಟು: ಸೆವರ್ನ್‌ನ ಬ್ಲೇಡ್ ಐದು ಬ್ಯಾಟನ್‌ನದು, ಎಸ್-1 ನಾಲ್ಕರದು. ಈ ಎರಡರ ನಡುವಣ ಆಯ್ಕೆಯನ್ನು ಅಭಿರುಚಿಯ ವಿಷಯವೆಂದು ತಳ್ಳಿಹಾಕುವುದು ಸರಿಯಲ್ಲ ಎನಿಸುತ್ತದೆ. ಹಿಂದಿನ ಭಾಗದ ಲೆಕ್ಕವನ್ನು ಇಲ್ಲಿಗೆ ತಂದರೆ ಕಾರಣ ಕಾಣುತ್ತದೆ. ಅಲೆಯ ಮೇಲೆ ಗಾಳಿ ಕಡಿಮೆಯಾಗುವ ತೀರದಲ್ಲಿ ಆಕಾರ ತಾನಾಗಿಯೇ ಉಳಿಸಿಕೊಳ್ಳುವ ಹಾಯಿ ಬೇಕು. ಸಿಕ್ಕಷ್ಟು ಗಾಳಿಯನ್ನು ಅದು ಪೋಲು ಮಾಡದು. ಅಲೆಯ ಮೇಲೆ ಗಾಳಿ ಹೆಚ್ಚುವ ತೀರದಲ್ಲಿ, ಹಿಂಗೈ ಸಡಿಲಿಸಿದ ಕೂಡಲೇ ಹೊಟ್ಟೆ ಬಿಟ್ಟುಕೊಟ್ಟು ಚಪ್ಪಟೆಯಾಗುವ ಹಾಯಿ ಬೇಕು. ಅಲ್ಲಿ ಸವಾರನನ್ನು ಒಯ್ಯುವುದು ಅಲೆ; ತಿರುವಿನ ಬುಡದಲ್ಲಿ ಎಳೆಯುತ್ತಲೇ ಇರುವ ಹಾಯಿ ಅವನನ್ನು ಅಲೆಯ ಮುಂದಕ್ಕೆ, ಚಪ್ಪಟೆ ನೀರಿಗೆ ಒಗೆದುಬಿಡುತ್ತದೆ.

ಕೂವೆಯ ಪಾತ್ರವನ್ನು ಅಂಗಡಿಯವರು ಅಷ್ಟಾಗಿ ಹೇಳುವುದಿಲ್ಲ. ಕೂವೆಯ ಎರಡು ತುದಿಗೆ ಆಧಾರ ಕೊಟ್ಟು ನಡುವೆ 30 ಕಿಲೋ ತೂಗುಹಾಕುತ್ತಾರೆ. ಉದ್ದವನ್ನು ಬಾಗಿದ ಪ್ರಮಾಣದಿಂದ ಭಾಗಿಸಿದರೆ ಅದರ ಬಿಗುವಿನ ಅಂಕಿ ಸಿಗುತ್ತದೆ. 400 ಸೆಂಟಿಮೀಟರ್ ಕೂವೆ 21 ಸೆಂಟಿಮೀಟರ್ ಬಾಗಿದರೆ ಅಂಕಿ 19. ಬಾಗು ಬುಡದಲ್ಲಿ ಎಷ್ಟು, ತುದಿಯಲ್ಲಿ ಎಷ್ಟು ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಹಾಯಿಯ ಲಫ್ ಅಂಚನ್ನು ಕತ್ತರಿಸುವುದು ಒಂದು ನಿರ್ದಿಷ್ಟ ಬಾಗಿಗೆ. ತುದಿ ಗಟ್ಟಿಯಿರುವ ಕೂವೆಗೆ ಕತ್ತರಿಸಿದ್ದನ್ನು ತುದಿ ಮೆದುವಿರುವ ಕೂವೆಗೆ ಏರಿಸಿದರೆ, ಎಷ್ಟು ಜಗ್ಗಿದರೂ ಮೇಲಿನ ಲೀಚ್ ಸರಿಯಾಗಿ ಕೂರುವುದಿಲ್ಲ. ಆಗ ಬೈಸಿಕೊಳ್ಳುವುದು ಮಾತ್ರ ಹಾಯಿ. ಅಲೆಗೆ ತೆಳು ವ್ಯಾಸದ, ಗೋಡೆ ದಪ್ಪನೆಯ ಕೂವೆಯೇ ಈಗ ರೂಢಿ, ನೀರಿನ ಪೆಟ್ಟಿಗೆ ಅದು ಸುಲಭವಾಗಿ ಮುರಿಯದು.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾರದರ್ಶಕ ಮಾನೋಫಿಲ್ಮ್ ಹಗುರ, ಆದರೆ ಒಂದು ಗೀರು ಬಿದ್ದರೆ ಸೀಳು ಅಂಚಿನಿಂದ ಅಂಚಿಗೆ ಓಡುತ್ತದೆ. ದಾರದ ಚೌಕಳಿಯನ್ನು ಎರಡು ಹಾಳೆಗಳ ನಡುವೆ ಅಂಟಿಸಿದ ಬಗೆಯಲ್ಲಿ ಸೀಳು ದಾರದ ಬಳಿ ನಿಲ್ಲುತ್ತದೆ. ಗಾಳಿಯ ಕೆಳಬದಿಗೆ ಕಲ್ಲುಬಂಡೆಗಳಿರುವ ಹೋಕಿಪಾದಂಥ ಕಡೆ ಸ್ವಲ್ಪ ತೂಕ ಹೆಚ್ಚಾದರೂ ಎರಡನೆಯದೇ ಲೇಸು. ಚಾಪೆಗೆ ಮರಳಿದ್ದೇವೆ ಎನ್ನಬಹುದು.

ದಡದಲ್ಲಿ

ಇನ್ನು ಕಟ್ಟುವ ಕೆಲಸ. 4.7ರ ಹಾಯಿಯ ಚೀಲದ ಮೇಲೆ ಲಫ್ 415, ಬೂಮ್ 163 ಎಂದು ಬರೆದಿದೆ ಎನ್ನೋಣ. 400ರ ಕೂವೆಗೆ 15 ಸೆಂಟಿಮೀಟರಿನ ಬುಡದ ತುಂಡು ಸೇರಿಸಿ, ರಾಟೆಯ ಹಗ್ಗವನ್ನು ಪಾದ ಊರಿ ಜಗ್ಗಬೇಕು. ಹೊಸಬರು ತಪ್ಪುವುದು ಇಲ್ಲೇ. ಹಾಯಿ ನುಣುಪಾಗಿ ಕಂಡ ಕೂಡಲೇ ಅವರು ನಿಲ್ಲಿಸಿಬಿಡುತ್ತಾರೆ. ಸರಿಯಾಗಿ ಜಗ್ಗಿದ ಹಾಯಿ ನೆಲದ ಮೇಲೆ ಚೆನ್ನಾಗಿ ಕಾಣುವುದಿಲ್ಲ. ಮೇಲಿನ ಲೀಚ್ ಎರಡನೆಯ ಬ್ಯಾಟನ್‌ವರೆಗೆ ಜೋಲುಬಿದ್ದು ಸುಕ್ಕುಸುಕ್ಕಾಗಿರುತ್ತದೆ. ಆ ಜೋಲೇ ಗಾಳಿಯಲ್ಲಿ ತಿರುಚಿಕೊಳ್ಳುವ ಭಾಗ. ಆಮೇಲೆ ಔಟ್‌ಹಾಲ್. ಪೊಂಟಾ ಪ್ರೆಟಾದ ತೊಡಕು ಬಿಡಿಸುವ ಕೀಲಿ ಬಹುಮಟ್ಟಿಗೆ ಇದರಲ್ಲಿದೆ. ಡೌನ್‌ಹಾಲ್ ಪೂರ್ತಿ ಬಿಗಿದು, ಔಟ್‌ಹಾಲನ್ನು ಮಾತ್ರ ಒಂದೆರಡು ಸೆಂಟಿಮೀಟರ್ ಸಡಿಲ ಬಿಟ್ಟರೆ, ಬೂಮಿನ ಕೆಳಭಾಗದಲ್ಲಿ ಹೊಟ್ಟೆ ತುಂಬಿ ದಡ ಬಿಡುವಷ್ಟು ಬಲ ಬರುತ್ತದೆ. ಮೇಲ್ಭಾಗ ಸಡಿಲವೇ ಇರುವುದರಿಂದ ಅಲೆಯ ಮೇಲೆ ಅದು ಸೋರುತ್ತದೆ. ನಾಲ್ಕು ಬ್ಯಾಟನ್‌ನ ಮಧ್ಯಮ ಅಳತೆಯ ಹಾಯಿಗೆ ಈ ಹದ ಚೆನ್ನಾಗಿ ಒಗ್ಗುತ್ತದೆ. ಅರ್ಧ ಚದರ ಮೀಟರ್ ದೊಡ್ಡದನ್ನು ತಂದು ಚಪ್ಪಟೆ ಬಿಗಿಯುವುದಕ್ಕಿಂತ ಇದು ಮೇಲು.

ಕಟ್ಟಿದ ಹಾಯಿಯನ್ನು ನೀರಿಗಿಳಿಸುವ ಮುನ್ನ ಗಾಳಿಗೆ ಎತ್ತಿ ಹಿಡಿದು ನೋಡುತ್ತಾರೆ. ಹಾರ್ನೆಸ್ ಹಗ್ಗ ಕಟ್ಟಿದ ಜಾಗದಲ್ಲಿ ಬೂಮಿಗೆ ಒಂದೇ ಕೈ. ಗಾಳಿಯ ಹೊಡೆತ ಬಂದಾಗಲೂ ಆ ಒಂದು ಕೈಯ ಮೇಲೆ ಹಾಯಿ ತೂಗಿ ನಿಂತರೆ ಎಳೆತದ ಕೇಂದ್ರ ಕದಲುತ್ತಿಲ್ಲ ಎಂದರ್ಥ. ಆಮೇಲೆ ಕೈಯನ್ನು ಕೂವೆಯ ಹತ್ತಿರಕ್ಕೆ ಸರಿಸುತ್ತಾರೆ. ಲೀಚ್ ಎರಡು ಸಲ ಪಟಪಟಿಸುತ್ತದೆ, ಹೊಟ್ಟೆ ಇಳಿಯುತ್ತದೆ, 4.7 ಚದರ ಮೀಟರ್ ಹಾಯಿ ಬಾವುಟದಂತೆ ಗಾಳಿಯ ದಿಕ್ಕಿಗೆ ತಿರುಗಿ ತೆಪ್ಪಗಾಗುತ್ತದೆ.