ಕಿವಿಮೊರೆತದ ಲೆಕ್ಕ

ದಾವಣಗೆರೆಯ ಬಟ್ಟೆ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದ ಅಪ್ಪ ರಾತ್ರಿ ರೇಡಿಯೊ ಆರಿಸುತ್ತಿರಲಿಲ್ಲ. ಆಕಾಶವಾಣಿಯ ಪ್ರಸಾರ ಮುಗಿದ ಮೇಲೂ ಅದರ ‘ಸೊಂಯ್’ ಸದ್ದು ದಿಂಬಿನ ಪಕ್ಕ ಇರಲೇಬೇಕು. ಸಿಎ ಪರೀಕ್ಷೆಗೆ ಓದುತ್ತಿದ್ದ ನಾನು, ಅವರಿಗೆ ನಿದ್ದೆ ಹತ್ತಿತೆಂದುಕೊಂಡು ಹೋಗಿ ಆರಿಸುತ್ತಿದ್ದೆ. ಅವರು ಏನೂ ಅನ್ನದೆ ಮತ್ತೆ ಹಚ್ಚುತ್ತಿದ್ದರು. “ಕಿವಿ ಗುಂಯ್ ಅಂತೈತಿ” ಎಂದು ಒಂದೆರಡು ಸಲ ಹೇಳಿದ್ದುಂಟು. ನಾನದನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಾದೆ.

ಕಳೆದ ಚಳಿಗಾಲ ಇಲ್ಲಿ ಇಂಗ್ಲೆಂಡಿನಲ್ಲಿ, ಜನವರಿ 31ರ ತೆರಿಗೆ ಗಡುವಿನ ಹೊತ್ತಿಗೆ, ನನ್ನ ಎಡಗಿವಿಯಲ್ಲೂ ಅದೇ ಶುರುವಾಯಿತು. ಅದರ ಚರಿತ್ರೆ ಓದಲು ಕೂತದ್ದು ಆಗ.

ಇದು ಗಿರಣಿಗಳೊಂದಿಗೆ ಹುಟ್ಟಿದ ಕಾಯಿಲೆಯಲ್ಲ. ಸುಶ್ರುತ ಸಂಹಿತೆಯ ಕಿವಿರೋಗಗಳಲ್ಲಿ ‘ಕರ್ಣನಾದ’ ಇದೆ. ಅಲ್ಲಿ ತಪ್ಪಿತಸ್ಥ ವಾತ. ಚೆಕ್ ಸಂಗೀತಗಾರ ಸ್ಮೆತನಾ 1874ರಲ್ಲಿ ಕಿವುಡನಾದ. 1876ರಲ್ಲಿ ಆತ ಬರೆದ ‘ನನ್ನ ಬದುಕಿನಿಂದ’ ಎಂಬ ಕೃತಿಯ ಕೊನೆಯ ಭಾಗದಲ್ಲಿ ಪಿಟೀಲೊಂದು ತಟ್ಟನೆ ತಾರಸ್ವರ ಹಿಡಿದು ನಿಲ್ಲುತ್ತದೆ. ಅದು ಅವನ ಕಿವಿಯೊಳಗಿನ ಸದ್ದು. ಅದಕ್ಕೂ ಮೊದಲು, 1821ರ ತನ್ನ ಗ್ರಂಥದಲ್ಲಿ ಪ್ಯಾರಿಸ್ಸಿನ ವೈದ್ಯ ಇಟಾರ್ ಹೇಳಿದ ಉಪಾಯಗಳಲ್ಲೊಂದು, ಹಸಿ ಕಟ್ಟಿಗೆ ಚಟಪಟ ಉರಿಯುವ ಬೆಂಕಿಯ ಬಳಿ ಇರುವುದು. ಇದನ್ನು ಓದಿದಾಗ ಪುಟ ತಿರುಗಿಸುತ್ತಿದ್ದ ಕೈ ನಿಂತಿತು. ಅಪ್ಪನ ರೇಡಿಯೊ ಇನ್ನೇನು!

ಆದರೂ ಬಹುಕಾಲ ಕಳ್ಳನನ್ನು ಹುಡುಕಿದ್ದು ಕಿವಿಯಲ್ಲೇ. ಇಪ್ಪತ್ತನೆಯ ಶತಮಾನದಲ್ಲಿ ಶ್ರವಣನರವನ್ನೇ ಕತ್ತರಿಸಿದ್ದೂ ಆಯಿತು. ಆ ಕಿವಿ ಪೂರ್ತಿ ಕೇಳದಂತಾದ ಮೇಲೂ ಅನೇಕರಿಗೆ ಸದ್ದು ಉಳಿಯಿತು. ನ್ಯೂಯಾರ್ಕಿನ ಎಡ್ಮಂಡ್ ಫೌಲರ್ 1940ರ ದಶಕದಲ್ಲಿ ರೋಗಿಗಳ ಮೊರೆತವನ್ನು ಯಂತ್ರದ ಸದ್ದಿಗೆ ಹೋಲಿಸಿ ಅಳೆದರು. ರೈಲಿನ ಶಿಳ್ಳೆಯಷ್ಟು ಜೋರೆಂದು ಜನ ನರಳುವ ಈ ಸದ್ದು, ಅಳೆದರೆ ಅವರಿಗೆ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಕೆಲವೇ ಡೆಸಿಬಲ್ ಮೇಲೆ! 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್, ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದರು. ಶೇ. 94 ಮಂದಿ ಏನೋ ಒಂದು ಸದ್ದು ಕೇಳಿತೆಂದರು. ನನ್ನ ವೃತ್ತಿಯವರಿಗೆ ಇದು ನಿದ್ದೆಗೆಡಿಸುವ ವಿಷಯ. ವೋಚರು ಹತ್ತು ರೂಪಾಯಿಯದು, ಖಾತೆಯಲ್ಲಿರುವುದು ಸಾವಿರ. ವ್ಯತ್ಯಾಸ ಎಲ್ಲಿಂದ ಬಂತು?

ಅದಕ್ಕೊಂದು ಸುಳಿವು ಕೊಟ್ಟದ್ದು ಇಲಿಗಳು. ಪೋಲೆಂಡ್ ಮೂಲದ ಪಾವೆಲ್ ಯಾಸ್ಟ್ರೆಬಾಫ್ ಅಮೆರಿಕದಲ್ಲಿ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಯಾರಿದ ಇಲಿಗಳಿದ್ದ ಪೆಟ್ಟಿಗೆಯಲ್ಲಿ ಸದಾ ಒಂದು ಸದ್ದು. ಅದು ನಿಂತರೆ ಶಾಕ್. ಹಾಗಾಗಿ ಮೌನವಾದೊಡನೆ ನೀರು ನೆಕ್ಕುವುದನ್ನು ನಿಲ್ಲಿಸಲು ಅವು ಕಲಿತವು. ಆಮೇಲೆ ಆಸ್ಪಿರಿನ್ ಕುಲದ, ಕಿವಿಮೊರೆತ ತರುವ ಸ್ಯಾಲಿಸಿಲೇಟ್ ಕೊಟ್ಟರು. ಆ ಇಲಿಗಳು ಮೌನದಲ್ಲೂ ಬೇಗನೆ ಕುಡಿಯತೊಡಗಿದವು, ಏಕೆಂದರೆ ಅವಕ್ಕೆ ಮೌನವೇ ಇರಲಿಲ್ಲ. ತರಬೇತಿಗೆ ಮೊದಲೇ ಔಷಧಿ ಕೊಟ್ಟಾಗ ಫಲ ತಿರುಗುಮುರುಗು. ಒಳಗಿನ ಸದ್ದೇ ಶಾಕ್‌ನ ಮುನ್ಸೂಚನೆಯಾಗಿ ಭಯ ಬಹುಕಾಲ ಉಳಿಯಿತು. ಔಷಧಿ ಅದೇ, ಸದ್ದೂ ಅದೇ. ಭಯ ಅಂಟಿಕೊಂಡಿತೋ ಇಲ್ಲವೋ ಎಂಬುದಷ್ಟೇ ಬೇರೆ.

1990ರಲ್ಲಿ ಅವರು ಮಂಡಿಸಿದ ಮಾದರಿಯ ತಿರುಳು ಇದೇ. ಒಳಗಿವಿ ಸವೆದು ಸಂಕೇತ ಕಡಿಮೆಯಾದಾಗ ಮಿದುಳಿನ ಶ್ರವಣಕೇಂದ್ರಗಳು ವಾಲ್ಯೂಮ್ ಏರಿಸುತ್ತವೆ ಎಂಬುದು ಇಂದು ಬಹಳಷ್ಟು ತಜ್ಞರು ಒಪ್ಪುವ ವಿವರಣೆ. ಆಗ ನರಕೋಶಗಳ ಸ್ವಂತ ಗುಜುಗುಜು ಸದ್ದಾಗಿ ಕೇಳುತ್ತದೆ. ಫ್ರಿಜ್ಜಿನ ಸದ್ದಿನಂತೆ ಅದು ಮರೆತೂ ಹೋಗಬಹುದು. ಆದರೆ ಭಾವನೆಗಳ ಲಿಂಬಿಕ್ ವ್ಯವಸ್ಥೆ ಅದಕ್ಕೆ ‘ಅಪಾಯ’ ಎಂದು ಮುದ್ರೆಯೊತ್ತಿದರೆ ಎದೆ ಬಡಿಯುತ್ತದೆ, ನಿದ್ದೆ ಹಾರುತ್ತದೆ, ಗಮನ ಮತ್ತೆ ಅಲ್ಲಿಗೇ ಹೋಗುತ್ತದೆ. ನನಗಾದದ್ದೂ ಅದೇ. ಮೊದಲ ವಾರ ಮಿದುಳಿನಲ್ಲಿ ಗಡ್ಡೆಯೇ ಇದೆಯೆಂದು ತೀರ್ಮಾನಿಸಿಬಿಟ್ಟಿದ್ದೆ. ಲಂಡನ್ನಿನ ವೈದ್ಯ ಜೊನಾಥನ್ ಹೇಜೆಲ್ ಜೊತೆ ಯಾಸ್ಟ್ರೆಬಾಫ್ ರೂಪಿಸಿದ ಚಿಕಿತ್ಸೆ ಸದ್ದನ್ನು ಅಳಿಸಲು ಹೋಗುವುದಿಲ್ಲ. ತಿಳಿಹೇಳುವ ಮಾತು, ಜೊತೆಗೊಂದು ಮೆಲುಸದ್ದು, ತಿಂಗಳುಗಟ್ಟಲೆ ಅಭ್ಯಾಸ, ಅಷ್ಟೆ.

ಮೊನ್ನೆ ಅಪ್ಪನಿಗೆ ಫೋನ್ ಮಾಡಿ, ರಾತ್ರಿ ಈಗಲೂ ರೇಡಿಯೊ ಹಚ್ಚಿಟ್ಟು ಮಲಗ್ತೀರಾ ಎಂದು ಕೇಳಿದೆ.

“ಅದು ಕೆಟ್ಟು ಎರಡು ವರ್ಷ ಆತು. ಈಗ ಫ್ಯಾನ್ ಹಾಕ್ಕೊಂಡು ಮಲಗ್ತೀನಿ, ಚಳಿಗಾಲದಾಗೂ. ನಿಮ್ಮವ್ವ ಬೈತಾಳ” ಎಂದರು. ಆಮೇಲೆ, “ಯಾಕೆ, ನಿನಗೂ ಗುಂಯ್ ಅಂತೈತೇನು?”