ಇಸವಿ ಗೊತ್ತಿಲ್ಲದ ಅಜ್ಜಿ

ತಲೆಸುತ್ತು ಬರುತ್ತಿದೆಯೆಂದು ನಮ್ಮಜ್ಜಿಯನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಯುವ ವೈದ್ಯರೊಬ್ಬರು ಕಾಗದ ಹಿಡಿದು ಕೇಳಿದರು: "ಅಜ್ಜಿ, ಇದು ಯಾವ ಇಸವಿ?"

"ಇಸ್ವಿ ಗಿಸ್ವಿ ನಂಗೆ ಗೊತ್ತಿಲ್ಲ ಕಣಪ್ಪ. ಉಗಾದಿ ಆಗಿ ಮೂರು ಸೋಮವಾರ ಕಳೀತು."

ಲೆಕ್ಕ ಸರಿಯಾಗಿತ್ತು, ಅಂಕ ಮಾತ್ರ ಸಿಗಲಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಎರಡು ಪಂಚಕೋನಗಳನ್ನು ನೋಡಿ ಬರೆಯಲು ಹೇಳಿದರು. ದಿನಾ ಬೆಳಗ್ಗೆ ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುತ್ತಿದ್ದ ಕೈ, ಪೆನ್ನು ಹಿಡಿಯಲು ಬಾರದೆ ನಡುಗಿತು. ಮರೆವಿನ ಕಾಯಿಲೆ ಇರಬಹುದೆಂದು ಚೀಟಿಯಲ್ಲಿ ಬರೆದರು. ಮನೆಗೆ ಬಂದು ಎಲ್ಲರೂ ನಕ್ಕೆವು.

ಆ ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ನಾನು ಹುಡುಕಿದ್ದು ಬಹಳ ವರ್ಷಗಳ ನಂತರ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸು ಬಂದಳು. ವೈದ್ಯ ಅಲೋಯಿಸ್ ಆಲ್‌ಝೈಮರ್ ಅವಳ ಹೆಸರು, ಗಂಡನ ಹೆಸರು ಕೇಳಿ, ಬರೆಯಲು ಹೇಳಿ, ಎಲ್ಲವನ್ನೂ ಗುರುತು ಹಾಕಿಕೊಂಡ. ಹೆಸರು ಬರೆಯಹೊರಟ ಆಕೆ ಅರ್ಧಕ್ಕೇ ನಿಂತಳು. ಬರೆಯಬಲ್ಲವಳು ಬರೆಯಲಾರದೆ ಹೋದದ್ದು ಕಾಯಿಲೆಯ ಗುರುತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್‌ಝೈಮರ್ ಅವಳ ಮಿದುಳನ್ನು ಪರೀಕ್ಷಿಸಿ ವರದಿ ಮಂಡಿಸಿದ. ಮುಂದೆ ಆ ಕಾಯಿಲೆಗೆ ಅವನ ಹೆಸರೇ ಬಂತು.

1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ 30 ಅಂಕಗಳ ಒಂದು ಚಿಕ್ಕ ಪರೀಕ್ಷೆ ರೂಪಿಸಿದರು. ಇಸವಿ, ತಾರೀಖು, ನೂರರಿಂದ ಏಳೇಳು ಕಳೆಯುವ ಲೆಕ್ಕ, ಒಂದು ವಾಕ್ಯ ಬರೆಯುವುದು, ಪಂಚಕೋನ. ಜಗತ್ತೆಲ್ಲ ಅದನ್ನೇ ಬಳಸಿತು. ಆದರೆ ಎಂದೂ ಬರೆಯದವರಿಗೆ ಬರೆಯಲು ಬರದಿದ್ದರೆ ಅದು ಯಾವ ಕಾಯಿಲೆ? ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿ ಸೋತದ್ದು ಮಗ್ಗಿಯಲ್ಲಿ, ಮರೆವಿನಲ್ಲಲ್ಲ.

ಇದನ್ನು ಮೊದಲೇ ಕಂಡವರಿದ್ದರು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ವಿಜಯ್ ಚಂದ್ರ, ಪಿಟ್ಸ್‌ಬರ್ಗ್‌ನ ಮೇರಿ ಗಂಗೂಲಿ ಮತ್ತು ಸಂಗಡಿಗರು 55 ದಾಟಿದ 5,126 ಜನರನ್ನು ಅಧ್ಯಯನ ಮಾಡಿದರು. ಅವರಲ್ಲಿ ನೂರಕ್ಕೆ 73 ಮಂದಿ ಅನಕ್ಷರಸ್ಥರು. ಹಿರಿಯರನ್ನು ಪರೀಕ್ಷೆಗೆ ಒಗ್ಗಿಸುವ ಬದಲು ಪರೀಕ್ಷೆಯನ್ನೇ ಹಿರಿಯರಿಗೆ ಒಗ್ಗಿಸಿದರು. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿ. ನಾನು ಮಾಡಿದಂತೆ ಕಣ್ಣು ಮುಚ್ಚಿ. ವಾಕ್ಯ ಬರೆಯಬೇಡಿ, ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ. 1995ರಲ್ಲಿ ಪ್ರಕಟವಾದ ಈ ಹಿಂದಿ ಪರೀಕ್ಷೆಯನ್ನು ಓದುವಾಗ ನನಗೆ ಗಂಟಲು ಕಟ್ಟಿತು. ಮನೆಯ ಬಗ್ಗೆ ಕೇಳಿದ್ದರೆ ನಮ್ಮಜ್ಜಿ ಸಂಜೆಯವರೆಗೂ ಹೇಳುತ್ತಿದ್ದಳು.

1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು ತಮ್ಮ ಗುಂಪಿಗೆ '10/66' ಎಂದು ಹೆಸರಿಟ್ಟರು. ಡಿಮೆನ್ಷಿಯಾ ಇರುವವರಲ್ಲಿ ನೂರಕ್ಕೆ 66 ಮಂದಿ ಬಡ ಹಾಗೂ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ, ಜನಸಮುದಾಯಗಳ ನಡುವೆ ನಡೆದ ಸಂಶೋಧನೆಯಲ್ಲಿ ಅವರ ಪಾಲು 10ಕ್ಕಿಂತ ಕಡಿಮೆ ಎಂಬುದು ಆ ಹೆಸರಿನ ಅರ್ಥ. ಭಾರತದಲ್ಲಿ ನಡೆದ ಲಾಸಿ-ಡ್ಯಾಡ್ ಸಮೀಕ್ಷೆ ನಾಲ್ಕು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಪರೀಕ್ಷಿಸಿತು. ಅದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ. ಅದು ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಎಣಿಕೆಗೆ ಸಿಗದೆ ಉಳಿದವರೇ ಹೆಚ್ಚು ನರಳುತ್ತಿದ್ದರು.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಈಗ ಇಂಥ ಕೆಲಸ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಆರಂಭಿಸಿದ ಈ ಅಧ್ಯಯನದ ಗುರಿ 45 ದಾಟಿದ 10,000 ಜನ. ಒಮ್ಮೆ ನೋಡಿ ಬಿಡುವುದಲ್ಲ, ವರ್ಷಗಟ್ಟಲೆ ಅವರನ್ನೇ ಮತ್ತೆ ಮತ್ತೆ ನೋಡಬೇಕು. ಹೇಳಿದಷ್ಟು ಸುಲಭವಲ್ಲ ಅದು. ಮಾವಿನ ಕೊಯ್ಲಿನ ದಿನ ಕೂಲಿ ಬಿಟ್ಟು ಯಾರು ಬರುತ್ತಾರೆ? ಆರೋಗ್ಯವಾಗಿರುವ ನನ್ನ ರಕ್ತ ನಿಮಗ್ಯಾಕೆ ಎಂದು ಕೇಳಿದರೆ ತಾಳ್ಮೆಯಿಂದ ಉತ್ತರಿಸಬೇಕು. ಓದು ಬಾರದವರು ಒಪ್ಪಿಗೆಗೆ ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಲೇಬೇಕೆಂಬ ನಿಯಮವಿದೆ. ಹೆಬ್ಬೆಟ್ಟಿಗೆ ಮೋಸಹೋದ ನೆನಪು ಎಷ್ಟು ಮನೆಗಳಲ್ಲಿಲ್ಲ?

ನಂಬಿಕೆ ಒಮ್ಮೆ ಕೆಟ್ಟರೆ ಏನಾಗುತ್ತದೆಂದು ನಾನು ಬಲ್ಲೆ. ಆಸ್ಪತ್ರೆಗೆ ಹೋಗಿ ಬಂದ ಆರು ವರ್ಷಕ್ಕೆ ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ತೋಟಕ್ಕೆ ಹೋದವಳು ಮನೆಯ ದಾರಿ ಮರೆತು ಕೆರೆಯ ಏರಿ ಮೇಲೆ ಕೂತಿದ್ದಳು. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಬಿಡು" ಎಂದರು ದೊಡ್ಡಪ್ಪ. "ಆ ಡಾಕ್ಟ್ರು ಆವಾಗ್ಲೇ ಹಿಂಗೆ ಬರ್ದಿದ್ರು, ಏನಾಯ್ತು?" ಎಂದರು ಅಪ್ಪ. ಯಾರೂ ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ನಾನೂ ಕೂಡ.

ಇಲ್ಲದ ಕಾಯಿಲೆಯನ್ನು ಒಂದು ಪರೀಕ್ಷೆ ಕಂಡಿತ್ತು. ಇದ್ದ ಕಾಯಿಲೆಯನ್ನು ಒಂದು ಗಾದೆ ಮುಚ್ಚಿತು. ಕೊನೆಯ ವರ್ಷ ನನ್ನ ಹೆಸರೂ ಅವಳ ಬಾಯಲ್ಲಿ ಉಳಿದಿರಲಿಲ್ಲ. ಆದರೂ ಬೆಳಗಾದರೆ ಅಂಗಳದಲ್ಲಿ ಕೂತು, ಹಿಟ್ಟಿಲ್ಲದ ಬೆರಳಲ್ಲಿ ಚುಕ್ಕಿ ಇಡುತ್ತಿದ್ದಳು.