ಅಂಡಾಣು ಉತ್ತೇಜನ ಚಿಕಿತ್ಸೆಯಲ್ಲಿ ಹಾರ್ಮೋನು ತಡೆಯುವ ಚುಚ್ಚುಮದ್ದು: ಪ್ರಮಾಣದ ಬಗ್ಗೆ ಸಾರ್ವಜನಿಕ ಮಾಹಿತಿ

ಐ.ವಿ.ಎಫ್. ಅಥವಾ ಪ್ರನಾಳ ಶಿಶು ಚಿಕಿತ್ಸೆ ಪಡೆಯಲಿಚ್ಛಿಸುವ ದಂಪತಿಗಳ ಹಾಗೂ ಮಹಿಳೆಯರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಔಷಧಿಯ ಪ್ರಮಾಣವನ್ನು ನಿರ್ಧರಿಸುವವರು ಚಿಕಿತ್ಸೆ ನೀಡುವ ತಜ್ಞ ವೈದ್ಯರೇ ಆಗಿರುತ್ತಾರೆ. ಆದರೆ ಈ ಚುಚ್ಚುಮದ್ದುಗಳನ್ನು ಅನೇಕರು ಮನೆಯಲ್ಲಿಯೇ ತೆಗೆದುಕೊಳ್ಳುವುದರಿಂದ, ಚೀಟಿಯಲ್ಲಿ ಬರೆದ ಪ್ರಮಾಣವು ಸಿರಿಂಜಿನಲ್ಲಿ ಎಷ್ಟನೆಯ ಗೆರೆಗೆ ಬರುತ್ತದೆ ಎಂಬುದನ್ನು ಅರಿತಿರುವುದು ಅತ್ಯವಶ್ಯಕವಾಗಿರುತ್ತದೆ.

ತಡೆ ಔಷಧಿ ಏಕೆ?

ಚಿಕಿತ್ಸೆಯ ಅವಧಿಯಲ್ಲಿ ಎಫ್.ಎಸ್.ಹೆಚ್. ಚುಚ್ಚುಮದ್ದಿನಿಂದ ಅಂಡಾಶಯದಲ್ಲಿ ಹಲವು ಅಂಡಾಣುಗಳನ್ನು ಒಟ್ಟಿಗೆ ಬೆಳೆಸಲಾಗುತ್ತದೆ. ಈ ನಡುವೆ ಪಿಟ್ಯುಟರಿ ಗ್ರಂಥಿಯು ಎಲ್.ಹೆಚ್. ಹಾರ್ಮೋನನ್ನು ಅವಧಿಗೆ ಮುನ್ನ ಒಮ್ಮೆಲೇ ಸ್ರವಿಸಿದಲ್ಲಿ, ವೈದ್ಯರು ಹೊರತೆಗೆಯುವ ಮೊದಲೇ ಅಂಡಾಣುಗಳು ಬಿಡುಗಡೆಯಾಗಿ ಆ ತಿಂಗಳ ಶ್ರಮವೂ ವೆಚ್ಚವೂ ವ್ಯರ್ಥವಾಗುತ್ತವೆ. ತಡೆ ಔಷಧಿಗಳು ಬಳಕೆಗೆ ಬರುವ ಮುನ್ನ ಸುಮಾರು ಐದರಲ್ಲಿ ಒಂದು ಚಿಕಿತ್ಸಾ ಚಕ್ರ ಈ ಕಾರಣದಿಂದ ರದ್ದಾಗುತ್ತಿತ್ತು.

ಎರಡು ವಿಧಾನಗಳು

ಮೊದಲನೆಯದು ದೀರ್ಘ ವಿಧಾನ. ಹಿಂದಿನ ಋತುಚಕ್ರದ ಸುಮಾರು 21ನೇ ದಿನದಿಂದ ಲ್ಯೂಪ್ರೊಲೈಡ್‌ನಂತಹ ಔಷಧಿಯನ್ನು ಪ್ರತಿದಿನ ಚರ್ಮದ ಕೆಳಗೆ ನೀಡಲಾಗುತ್ತದೆ. ಮೊದಲ ಕೆಲವು ದಿನ ಈ ಔಷಧಿಯು ಹಾರ್ಮೋನನ್ನು ತಡೆಯುವ ಬದಲು ಹೆಚ್ಚಿಸುತ್ತದೆ; ಸುಮಾರು ಎರಡು ವಾರಗಳಲ್ಲಿ ಗ್ರಂಥಿಯು ತಟಸ್ಥವಾಗುತ್ತದೆ. ಸ್ಕ್ಯಾನ್ ಹಾಗೂ ರಕ್ತ ಪರೀಕ್ಷೆಯಿಂದ ಇದನ್ನು ಖಚಿತಪಡಿಸಿಕೊಂಡ ನಂತರ ಉತ್ತೇಜನ ಆರಂಭವಾಗುತ್ತದೆ. ಆ ದಿನದಿಂದ ಅನೇಕ ವೈದ್ಯರು ತಡೆ ಔಷಧಿಯನ್ನು ಅರ್ಧಕ್ಕೆ, ಉದಾಹರಣೆಗೆ 1 ಮಿ.ಗ್ರಾಂ.ನಿಂದ 0.5 ಮಿ.ಗ್ರಾಂ.ಗೆ, ಇಳಿಸುತ್ತಾರೆ. ಅರ್ಧಕ್ಕೆ ಇಳಿಸಿ ಎಂದರೆ ನಿಲ್ಲಿಸಿ ಎಂದು ಅರ್ಥವಲ್ಲ. ತಡೆ ಅತಿಯಾದಲ್ಲಿ ಅಂಡಾಶಯದ ಸ್ಪಂದನೆ ಕುಗ್ಗಿ ಉತ್ತೇಜಕ ಚುಚ್ಚುಮದ್ದು ಹೆಚ್ಚು ಬೇಕಾಗಬಹುದು. ಕಡಿಮೆಯಾದಲ್ಲಿ ಮೇಲೆ ಹೇಳಿದ ಅಪಾಯ ಮರಳುತ್ತದೆ.

ಎರಡನೆಯ ವಿಧಾನದಲ್ಲಿ ಸೆಟ್ರೊರೆಲಿಕ್ಸ್ ಅಥವಾ ಗ್ಯಾನಿರೆಲಿಕ್ಸ್ 0.25 ಮಿ.ಗ್ರಾಂ. ಅನ್ನು ಉತ್ತೇಜನದ 5 ಅಥವಾ 6ನೇ ದಿನದಿಂದ ದಿನಕ್ಕೊಮ್ಮೆ ನೀಡಲಾಗುತ್ತದೆ. ಇದರ ಪರಿಣಾಮ ಕೆಲವೇ ಗಂಟೆಗಳಲ್ಲಿ ಆಗುವುದರಿಂದ ವೇಳೆ ಪಾಲನೆ ಬಹಳ ಮುಖ್ಯ. ಗ್ಯಾನಿರೆಲಿಕ್ಸ್ ವಿಷಯದಲ್ಲಿ ಎರಡು ಚುಚ್ಚುಮದ್ದುಗಳ ನಡುವೆ 30 ಗಂಟೆ ಮೀರತಕ್ಕದ್ದಲ್ಲ. ಒಂದು ಡೋಸ್ ತಪ್ಪಿದಲ್ಲಿ ಮರುದಿನ ಎರಡು ತೆಗೆದುಕೊಳ್ಳದೆ, ಕೂಡಲೇ ವೈದ್ಯರನ್ನು ದೂರವಾಣಿಯಲ್ಲಿ ಸಂಪರ್ಕಿಸತಕ್ಕದ್ದು.

ಸಿರಿಂಜಿನ ಲೆಕ್ಕ

ವೈದ್ಯರು ಮಿಲಿಗ್ರಾಂ ಎಂದು ಬರೆಯುತ್ತಾರೆ. ಇನ್ಸುಲಿನ್ ಸಿರಿಂಜಿನ ಮೇಲೆ ಇರುವುದು ಯೂನಿಟ್. ನಮ್ಮ ದೇಶದ ಔಷಧಿ ಅಂಗಡಿಗಳಲ್ಲಿ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳು ದೊರೆಯುತ್ತವೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಕೆಂಪು, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳವಿರುತ್ತದೆ. ಪ್ರತಿ ಮಿ.ಲೀ.ಗೆ 5 ಮಿ.ಗ್ರಾಂ. ಇರುವ ಲ್ಯೂಪ್ರೊಲೈಡ್ ಸೀಸೆಯಿಂದ 0.5 ಮಿ.ಗ್ರಾಂ. ತೆಗೆಯಬೇಕಾದಲ್ಲಿ 0.1 ಮಿ.ಲೀ. ಬೇಕು. 100ರ ಸಿರಿಂಜಿನಲ್ಲಿ ಇದು 10ನೇ ಗೆರೆ. 40ರ ಸಿರಿಂಜಿನಲ್ಲಿ 4ನೇ ಗೆರೆ. “ಹತ್ತು ಯೂನಿಟ್” ಎಂಬ ಮಾತನ್ನಷ್ಟೇ ನೆನಪಿಟ್ಟು 40ರ ಸಿರಿಂಜಿನಲ್ಲಿ ಎಳೆದುಕೊಂಡಲ್ಲಿ ದೇಹಕ್ಕೆ ಸೇರುವುದು 1.25 ಮಿ.ಗ್ರಾಂ., ಅಂದರೆ ಎರಡೂವರೆ ಪಟ್ಟು. ಕಾಗದದ ಮೇಲೆ ಇದು ಸುಲಭದ ಲೆಕ್ಕ. ರಾತ್ರಿ ಒಂಬತ್ತಕ್ಕೆ ಸೂಜಿ ಹಿಡಿದು ಕುಳಿತಾಗ ಅಷ್ಟು ಸುಲಭವಲ್ಲ. ಆದುದರಿಂದ ಮಿಲಿಗ್ರಾಂ, ಮಿ.ಲೀ., ಸಿರಿಂಜಿನ ಬಗೆ ಮತ್ತು ಗೆರೆ, ಈ ನಾಲ್ಕನ್ನೂ ಚೀಟಿಯಲ್ಲಿ ಬರೆಸಿಕೊಳ್ಳುವುದು ಹಾಗೂ ಮೊದಲ ಚುಚ್ಚುಮದ್ದನ್ನು ದಾದಿಯವರ ಎದುರಿನಲ್ಲಿಯೇ ತೆಗೆದುಕೊಳ್ಳುವುದು ಸೂಕ್ತ. ಸೀಸೆ ಬದಲಾದಲ್ಲಿ ಸಾಂದ್ರತೆಯೂ ಬದಲಾಗಿರಬಹುದು. ತಿಂಗಳಿಗೊಮ್ಮೆ ನೀಡುವ 3.75 ಮಿ.ಗ್ರಾಂ. ಡಿಪೊ ಚುಚ್ಚುಮದ್ದು ಬೇರೆಯೇ ಆಗಿದ್ದು, ಅದನ್ನು ದಿನನಿತ್ಯದ ಔಷಧಿಗೆ ಬದಲಾಗಿ ಬಳಸತಕ್ಕದ್ದಲ್ಲ.

ತಡೆ ಔಷಧಿಯಿಂದ ತಲೆನೋವು, ಮೈ ಬಿಸಿಯೇರಿದಂತಾಗುವುದು ಸಾಮಾನ್ಯ. ಆದರೆ ಉತ್ತೇಜನದ ವೇಳೆ ಅಥವಾ ಅಂಡಾಣು ತೆಗೆದ ನಂತರ ಹೊಟ್ಟೆ ಉಬ್ಬರ, ಏಕಾಏಕಿ ತೂಕ ಏರಿಕೆ, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ ಕಂಡುಬಂದಲ್ಲಿ ಅದು ಅಂಡಾಶಯದ ಅತಿ ಉತ್ತೇಜನದ ಲಕ್ಷಣವಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು. ರಾಜ್ಯದಲ್ಲಿ 108ಕ್ಕೆ ಕರೆ ಮಾಡಬಹುದು.

ಕಾನೂನಿನ ರಕ್ಷಣೆ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021 ದಿನಾಂಕ 25-01-2022ರಿಂದ ಜಾರಿಯಲ್ಲಿದೆ. ಇದರನ್ವಯ ಚಿಕಿತ್ಸಾ ಕೇಂದ್ರವು ನೋಂದಣಿ ಹೊಂದಿರಬೇಕು. ವೆಚ್ಚ, ಯಶಸ್ಸಿನ ಸಾಧ್ಯತೆ ಮತ್ತು ಅಡ್ಡಪರಿಣಾಮಗಳನ್ನು ಮುಂಚಿತವಾಗಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಅರ್ಥವಾಗದ ನಮೂನೆಗೆ ಸಹಿ ಮಾಡುವ ಅಗತ್ಯವಿಲ್ಲ. ಕನ್ನಡದಲ್ಲಿ ವಿವರಿಸುವಂತೆ ಕೇಳಬಹುದು. ದೂರುಗಳಿದ್ದಲ್ಲಿ ಮೊದಲು ಕೇಂದ್ರದ ಕುಂದುಕೊರತೆ ಕೋಶಕ್ಕೆ, ಅಧಿನಿಯಮದ ಉಲ್ಲಂಘನೆ ಕಂಡುಬಂದಲ್ಲಿ ಸಮುಚಿತ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಔಷಧಿ ಚೀಟಿ, ಖರೀದಿ ರಸೀದಿ, ಪ್ರತಿದಿನ ತೆಗೆದುಕೊಂಡ ಪ್ರಮಾಣ ಹಾಗೂ ವೇಳೆಯ ಟಿಪ್ಪಣಿ ಮತ್ತು ಖಾಲಿ ಸೀಸೆಗಳನ್ನು ಚಿಕಿತ್ಸೆ ಮುಗಿಯುವವರೆಗೆ ಕಾಯ್ದಿರಿಸಿಕೊಳ್ಳತಕ್ಕದ್ದು.